ಮುಖ ನೋಡಿ ಮಣೆ ಹಾಕುವ ವಿಜ್ಞಾನ

ನೂರು ಜನರ ಗುಂಪಿನಲ್ಲಿ ಒಬ್ಬನೇ ಒಬ್ಬ ಸಿಟ್ಟಾಗಿದ್ದರೂ ನಮ್ಮ ಕಣ್ಣು ಮೊದಲು ಬೀಳುವುದು ಅವನ ಮೇಲೆಯೇ. ಈ ಮಾತನ್ನು ನೀವು ಎಲ್ಲಾದರೂ ಓದಿರುತ್ತೀರಿ ಅಥವಾ ಕೇಳಿರುತ್ತೀರಿ. ಭಾನುವಾರದ ಪುರವಣಿಯಲ್ಲೋ, ವ್ಯಕ್ತಿತ್ವ ವಿಕಸನದ ಭಾಷಣದಲ್ಲೋ, ವಾಟ್ಸಾಪಿನಲ್ಲಿ ಹರಿದು ಬಂದ ವಿಡಿಯೋದಲ್ಲೋ ಅದು ವಿಜ್ಞಾನದ ಮುದ್ರೆ ಒತ್ತಿಸಿಕೊಂಡೇ ಬಂದಿರುತ್ತದೆ. ಜೊತೆಗೆ ಒಂದು ಕಥೆಯೂ ಇರುತ್ತದೆ. ಕಾಡುಮೇಡು ಅಲೆಯುತ್ತಿದ್ದ ನಮ್ಮ ಪೂರ್ವಜರಲ್ಲಿ ಶತ್ರುವಿನ ಸಿಟ್ಟಿನ ಮುಖವನ್ನು ಥಟ್ಟನೆ ಗುರುತಿಸಿದವರು ಬದುಕಿ ಉಳಿದರು, ಗುರುತಿಸದವರು ಅಳಿದರು, ಉಳಿದವರ ಮಕ್ಕಳು ಮೊಮ್ಮಕ್ಕಳು ನಾವು ಎಂಬುದು ಆ ಕಥೆ.

ಕೇಳುವುದಕ್ಕೆ ಸೊಗಸಾಗಿದೆ. ಇದು ಬರೀ ಸೊಗಸಾದ ಕಥೆಯಾಗಿಯೇ ಉಳಿದಿದ್ದರೆ ನನ್ನ ತಕರಾರು ಇರುತ್ತಿರಲಿಲ್ಲ. ಆದರೆ ಇದೇ ನಂಬಿಕೆಯ ಮೇಲೆ ಇಂದು ಕ್ಯಾಮೆರಾಗಳು ಮಾರಾಟವಾಗುತ್ತಿವೆ. ವಿಮಾನ ನಿಲ್ದಾಣದಲ್ಲಿ, ಶಾಲೆಯ ಗೋಡೆಯ ಮೇಲೆ, ಕೆಲಸದ ಸಂದರ್ಶನದಲ್ಲಿ, ಪೊಲೀಸ್ ಕಂಟ್ರೋಲ್ ರೂಮಿನಲ್ಲಿ ಕುಳಿತು ‘ಈ ಮುಖದಲ್ಲಿ ಇಂಥ ಭಾವ ಇದೆ’ ಎಂದು ತೀರ್ಪು ಕೊಡುವ ಯಂತ್ರಗಳು ಬಂದಿವೆ. ಮುಖ ನೋಡಿ ಮಣೆ ಹಾಕುವುದು ಸಣ್ಣತನ ಎಂದು ನಮ್ಮ ಹಿರಿಯರು ಬೈಯುತ್ತಿದ್ದರು. ಈಗ ಅದೇ ಸಣ್ಣತನ ಸಾಫ್ಟ್‌ವೇರ್ ಆಗಿ ಬಂದಿದೆ. ಆದ್ದರಿಂದ ಈ ಕಥೆಯ ಬುಡ ಎಷ್ಟು ಗಟ್ಟಿ ಎಂದು ಒಮ್ಮೆ ಅಲ್ಲಾಡಿಸಿ ನೋಡಲೇಬೇಕು.

ಬುಡ ಇರುವುದು 1988ರಲ್ಲಿ. ಆ ವರ್ಷ ಅಮೆರಿಕದ ಕ್ರಿಸ್ಟೀನ್ ಹ್ಯಾನ್ಸನ್ ಮತ್ತು ರನಾಲ್ಡ್ ಹ್ಯಾನ್ಸನ್ ಎಂಬ ಮನೋವಿಜ್ಞಾನಿಗಳು ಒಂದು ಪ್ರಯೋಗದ ವರದಿ ಪ್ರಕಟಿಸಿದರು. ಹಲವು ಮುಖಗಳನ್ನು ಸಾಲಾಗಿ ಜೋಡಿಸಿದ ಚಿತ್ರಗಳನ್ನು ಜನರಿಗೆ ತೋರಿಸಿ, ಇವುಗಳಲ್ಲಿ ಬೇರೆ ಭಾವದ ಮುಖವೊಂದು ಇದೆಯೇ ಎಂದು ಕೇಳಿದರು. ನಗುಮುಖಗಳ ನಡುವೆ ಸಿಟ್ಟಿನ ಮುಖವಿದ್ದರೆ ಜನ ಅದನ್ನು ಬೇಗ ಹಿಡಿದರು. ಸಿಟ್ಟಿನ ಮುಖಗಳ ನಡುವೆ ನಗುಮುಖ ಹುಡುಕಲು ಹೆಚ್ಚು ಹೊತ್ತು ಬೇಕಾಯಿತು. ಮುಖಗಳ ಎಣಿಕೆ ನಾಲ್ಕರಿಂದ ಒಂಬತ್ತಕ್ಕೆ ಏರಿದರೂ ಸಿಟ್ಟಿನ ಮುಖವನ್ನು ಹುಡುಕುವ ಸಮಯದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಆಗಲಿಲ್ಲ. ಅಂದರೆ ಕಣ್ಣು ಒಂದೊಂದೇ ಮುಖವನ್ನು ತಡಕುತ್ತಿಲ್ಲ, ಸಿಟ್ಟು ತಾನಾಗಿಯೇ ಎದ್ದು ಬರುತ್ತಿದೆ ಎಂದು ಅವರು ತೀರ್ಮಾನಿಸಿದರು. ಹಸಿರು ಎಲೆಗಳ ನಡುವೆ ಒಂದು ದಾಸವಾಳ ಎದ್ದು ಕಾಣುತ್ತದಲ್ಲ, ಹಾಗೆ.

ಎಂಟು ವರ್ಷ ಕಳೆದ ಮೇಲೆ, 1996ರಲ್ಲಿ, ಪರ್ಸೆಲ್, ಸ್ಟೂವರ್ಟ್ ಮತ್ತು ಸ್ಕೋವ್ ಎಂಬ ಮೂವರು ಸಂಶೋಧಕರು ಆ ಚಿತ್ರಗಳನ್ನೇ ಹತ್ತಿರದಿಂದ ಪರೀಕ್ಷಿಸಿದರು. ಮೂಲ ಛಾಯಾಚಿತ್ರಗಳನ್ನು ಬರೀ ಕಪ್ಪು ಬಿಳುಪಿಗೆ ಇಳಿಸುವಾಗ ನಡುವಿನ ಬೂದು ಛಾಯೆಗಳೆಲ್ಲ ಅಳಿಸಿಹೋಗಿ, ಸಿಟ್ಟಿನ ಮುಖದ ಚಿತ್ರದಲ್ಲಿ ಗಾಢವಾದ ಕಪ್ಪು ಕಲೆಗಳು ಉಳಿದುಬಿಟ್ಟಿದ್ದವು. ಜನ ಹಿಡಿದದ್ದು ಆ ಕಲೆಗಳನ್ನು. ಮೂಲದ ಬೂದು ಛಾಯೆ ಇರುವ ಚಿತ್ರಗಳನ್ನೇ ಇಟ್ಟು ಪ್ರಯೋಗ ಮಾಡಿದಾಗ ಸಿಟ್ಟಿನ ಮುಖದ ಮೇಲುಗೈ ಮಾಯವಾಯಿತು.

ಇಷ್ಟು ದೊಡ್ಡ ಕಥೆಯ ಬುಡದಲ್ಲಿ ಇದ್ದದ್ದು ಮಸಿಯ ಕಲೆ. ಮೊದಲ ವರದಿ ಬರೆದವರನ್ನು ನಾನು ಹಳಿಯುತ್ತಿಲ್ಲ. ಒಬ್ಬರು ಹೇಳುವುದು, ಇನ್ನೊಬ್ಬರು ತಿದ್ದುವುದು ವಿಜ್ಞಾನ ನಡೆಯುವ ರೀತಿ. ನನಗೆ ಸಿಟ್ಟು ಬರುವುದು ತಿದ್ದುಪಡಿ ಪ್ರಯೋಗಾಲಯದ ಒಳಗೇ ಉಳಿದು, ಕಥೆ ಮಾತ್ರ ಊರೂರು ತಿರುಗುತ್ತಿರುವುದಕ್ಕೆ.

ವಾದ ಅಲ್ಲಿಗೇ ನಿಲ್ಲಲಿಲ್ಲ. ಛಾಯಾಚಿತ್ರದಲ್ಲಿ ತೊಡಕುಗಳಿವೆ ಎಂದಾದ ಮೇಲೆ ಗೆರೆಚಿತ್ರ ಬಳಸೋಣ ಎಂದರು. ಒಂದು ವೃತ್ತ, ಎರಡು ಕಣ್ಣು, ಹುಬ್ಬಿಗೆ ಎರಡು ಗೆರೆ, ಬಾಯಿಗೆ ಒಂದು ಕಮಾನು. 2001ರಲ್ಲಿ ಸ್ವೀಡನ್ನಿನ ಆರ್ನೆ ಓಮನ್ ಮತ್ತು ಸಂಗಡಿಗರು ಇಂಥ ಚಿತ್ರಗಳಲ್ಲಿ ಬೆದರಿಸುವ ಮುಖವೇ ಬೇಗ ಸಿಗುತ್ತದೆ ಎಂದು ತೋರಿಸಿದರು. ಕಥೆಗೆ ಮತ್ತೆ ಜೀವ ಬಂತು. ಆದರೆ 2007ರಲ್ಲಿ ಇನ್ನೊಂದು ಗುಂಪು, ಮುಖವೇ ಇಲ್ಲದ ಬರೀ ‘ವಿ’ ಆಕಾರದ ಗೆರೆ ಕೆಳಮುಖವಾಗಿದ್ದರೆ ಅದೂ ಬೇಗ ಕಣ್ಣಿಗೆ ಬೀಳುತ್ತದೆ ಎಂದು ತೋರಿಸಿತು. 2010ರಲ್ಲಿ ಮತ್ತೊಂದು ಗುಂಪು, ಮುಖದಂತೆ ಕಾಣದ ಗೆರೆಗಳ ಜೋಡಣೆಯಿಂದಲೂ ಅದೇ ಫಲಿತಾಂಶ ಪಡೆಯಿತು. ಕಣ್ಣು ಹಿಡಿದದ್ದು ಸಿಟ್ಟನ್ನೋ, ಗೆರೆಯ ಓರೆಯನ್ನೋ? ಈ ಪ್ರಶ್ನೆಗೆ ಗೆರೆಚಿತ್ರ ಉತ್ತರ ಕೊಡಲಾರದು.

2011ರಲ್ಲಿ ಬೆಕರ್ ಮತ್ತು ಸಂಗಡಿಗರು ಇಂಥ ತೊಡಕುಗಳನ್ನು ಆದಷ್ಟೂ ನಿವಾರಿಸಿ ನೋಡಿದಾಗ ಮೇಲುಗೈ ಸಿಕ್ಕಿದ್ದು ನಗುಮುಖಕ್ಕೆ. ಮರುವರ್ಷ ಬಂದ ಮತ್ತೊಂದು ಅಧ್ಯಯನ ಬಾಯಿ ತೆರೆದು ಹಲ್ಲು ಕಾಣುವುದೇ ಹುಡುಕಾಟವನ್ನು ಸುಲಭ ಮಾಡುತ್ತದೆ ಎಂದು ತೋರಿಸಿತು. ಯಾವ ಸಂಗ್ರಹದ ಛಾಯಾಚಿತ್ರಗಳನ್ನು ಬಳಸುತ್ತೀರಿ ಎಂಬುದರ ಮೇಲೆ ಸಿಟ್ಟು ಗೆಲ್ಲುತ್ತದೋ ನಗು ಗೆಲ್ಲುತ್ತದೋ ನಿರ್ಧಾರವಾಗುತ್ತದೆ ಎಂದು 2013ರ ಅಧ್ಯಯನವೊಂದು ಕಂಡುಕೊಂಡಿತು. ಇಪ್ಪತ್ತೈದು ವರ್ಷದ ಜಗಳದಿಂದ ನನಗೆ ತಿಳಿದದ್ದು ಇಷ್ಟು. ಗುಂಪಿನ ಮೇಲೆ ಓಡಾಡುವ ಕಣ್ಣಿಗೆ ಮೊದಲು ಸಿಗುವುದು ಬಿಳುಪು, ಕಪ್ಪು, ಓರೆ, ಕಮಾನು. ಅವುಗಳನ್ನು ಸಿಟ್ಟು, ಸಂತೋಷ, ಭಯ ಎಂದು ಕರೆಯುವುದು ಆಮೇಲಿನ ಕೆಲಸ. ಮೊದಲನೆಯದು ನೋಟ. ಎರಡನೆಯದು ಅರ್ಥ ಹೇಳುವುದು.

ಸಾಹಿತ್ಯ ಓದಿದವರಿಗೆ ಈ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಕಾವ್ಯಮೀಮಾಂಸೆಯ ಮೊದಲ ಪಾಠವೇ ಇದು. ಮೈಮೇಲೆ ಕಾಣುವ ಕಣ್ಣೀರು, ನಡುಕ, ಹುಬ್ಬುಗಂಟು ಇವೆಲ್ಲ ಅನುಭಾವಗಳು. ಅವು ಯಾವ ಕಾರಣದಿಂದ ಬಂದವೋ ಅದು ವಿಭಾವ. ಬಂದು ಹೋಗುವ ಪೂರಕ ಭಾವಗಳು ವ್ಯಭಿಚಾರಿಗಳು. ಮೂರೂ ಕೂಡಿದರೆ ಮಾತ್ರ ರಸ. ಹನ್ನೊಂದನೆಯ ಶತಮಾನದ ಮಮ್ಮಟ ಕಾವ್ಯಪ್ರಕಾಶದಲ್ಲಿ ಈ ಮೂರರಲ್ಲಿ ಬರೀ ಒಂದನ್ನು ಹಿಡಿದರೆ ಏಕೆ ಸಾಲದು ಎಂದು ವಿವರಿಸುತ್ತಾನೆ. ಹುಲಿ ಎದುರಾದರೆ ಭಯ ಹುಟ್ಟಬಹುದು, ವೀರವೂ ಹುಟ್ಟಬಹುದು, ಬೆರಗೂ ಹುಟ್ಟಬಹುದು. ಕಣ್ಣೀರು ಶೃಂಗಾರಕ್ಕೂ ಉಂಟು, ಕರುಣಕ್ಕೂ ಉಂಟು, ಭಯಾನಕಕ್ಕೂ ಉಂಟು. ತೀ.ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ಯನ್ನು ಪರೀಕ್ಷೆಗಾಗಿ ಓದಿದ ವಿದ್ಯಾರ್ಥಿಗೂ ವಿಭಾವ, ಅನುಭಾವಗಳ ಈ ಲೆಕ್ಕ ಬಾಯಿಪಾಠ ಬಂದಿರುತ್ತದೆ. ಗೋಡೆಯ ಮೇಲಿನ ಕ್ಯಾಮೆರಾಕ್ಕೆ ಮಾತ್ರ ಬಂದಿಲ್ಲ. ಅದಕ್ಕೆ ಸಿಗುವುದು ಅನುಭಾವದ ಚೂರು. ವಿಭಾವ ಅದರ ಚೌಕಟ್ಟಿನ ಹೊರಗೆ ಇರುತ್ತದೆ.

ಇದು ಹಳೆಯ ಪುಸ್ತಕದ ಮಾತಾಯಿತು ಎನ್ನುವವರಿಗೆ ಹೊಸ ಪುರಾವೆಯೂ ಇದೆ. 2012ರಲ್ಲಿ ಅವಿಯೇಝರ್, ಟ್ರೋಪ್ ಮತ್ತು ಟೊಡೊರೋವ್ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಟೆನಿಸ್ ಆಟಗಾರರು ಮಹತ್ವದ ಪಾಯಿಂಟ್ ಗೆದ್ದಾಗ ಮತ್ತು ಸೋತಾಗ ತೆಗೆದ ಚಿತ್ರಗಳನ್ನು ಜನರಿಗೆ ತೋರಿಸಿದರು. ಬರೀ ಮುಖ ನೋಡಿದವರಿಗೆ ಗೆದ್ದವರು ಯಾರು, ಸೋತವರು ಯಾರು ಎಂದು ಹೇಳಲು ಆಗಲಿಲ್ಲ. ಮೈ ಕಂಡವರು ಸರಿಯಾಗಿ ಹೇಳಿದರು. ಸೋತವನ ಮೈಗೆ ಗೆದ್ದವನ ಮುಖ ಅಂಟಿಸಿದರೆ ಆ ಮುಖ ಸೋತಂತೆ ಕಂಡಿತು. 2019ರಲ್ಲಿ ಲೀಸಾ ಫೆಲ್ಡ್‌ಮನ್ ಬ್ಯಾರೆಟ್ ಮತ್ತು ನಾಲ್ವರು ಸಹಲೇಖಕರು ಈ ಕ್ಷೇತ್ರದ ಸಾವಿರಕ್ಕೂ ಹೆಚ್ಚು ಬರಹಗಳನ್ನು ಪರಿಶೀಲಿಸಿ, ಮುಖದ ಚಲನೆಯೊಂದನ್ನೇ ನೋಡಿ ಒಳಗಿನ ಭಾವವನ್ನು ಭರವಸೆಯಿಂದ ಹೇಳಲು ಬರುವುದಿಲ್ಲ ಎಂಬ ನಿಲುವಿಗೆ ಬಂದರು. ಸಿಟ್ಟು ಬಂದಾಗ ಜನ ಹುಬ್ಬು ಗಂಟಿಕ್ಕುವುದು ಸರಾಸರಿ ನೂರಕ್ಕೆ ಸುಮಾರು 30 ಸಲ. ಉಳಿದ ಸಲ ಸುಮ್ಮನಿರುತ್ತಾರೆ, ಅಳುತ್ತಾರೆ, ನಗುತ್ತಾರೆ ಕೂಡ. ಸಿಟ್ಟಿಲ್ಲದೆಯೂ ಹುಬ್ಬು ಗಂಟಿಕ್ಕುತ್ತಾರೆ.

ನಾನು ಪಾಠ ಹೇಳುವ ವೃತ್ತಿಯಲ್ಲಿ ಇರುವುದರಿಂದ ಇದು ನನಗೆ ದಿನನಿತ್ಯದ ಅನುಭವ. ತರಗತಿಯಲ್ಲಿ ಹುಬ್ಬು ಗಂಟಿಕ್ಕಿ ಕೂರುವ ಹುಡುಗಿ ಎಷ್ಟೋ ಸಲ ಎಲ್ಲರಿಗಿಂತ ಹೆಚ್ಚು ಗಮನವಿಟ್ಟು ಕೇಳುತ್ತಿರುತ್ತಾಳೆ. ಮುಂದಿನ ಬೆಂಚಿನಲ್ಲಿ ಕುಳಿತು ಮಾತುಮಾತಿಗೂ ತಲೆ ಆಡಿಸುವ ಹುಡುಗನ ಮನಸ್ಸು ಕ್ಯಾಂಟೀನಿನಲ್ಲಿ ಇರುತ್ತದೆ. ಯಾರ ಹುಬ್ಬಿಗೆ ಏನರ್ಥ ಎಂದು ತಿಳಿಯಲು ನನಗೆ ಒಂದು ಸೆಮಿಸ್ಟರ್ ಬೇಕು. ಚೀನಾದ ಹಾಂಗ್‌ಝೌ ನಗರದ ಶಾಲೆಯೊಂದರಲ್ಲಿ 2018ರಲ್ಲಿ ಅಳವಡಿಸಿದ ಕ್ಯಾಮೆರಾಗಳಿಗೆ 30 ಸೆಕೆಂಡು ಸಾಕಾಗಿತ್ತು. ಅಷ್ಟಷ್ಟು ಹೊತ್ತಿಗೆ ಮಕ್ಕಳ ಮುಖ ಓದಿ, ಇವರು ಸಂತೋಷವಾಗಿದ್ದಾರೆ, ಇವರು ಬೇಸರದಲ್ಲಿದ್ದಾರೆ ಎಂದು ಅವು ವಿಂಗಡಿಸುತ್ತಿದ್ದವು. ಅಂಥ ತರಗತಿಯಲ್ಲಿ ಮಕ್ಕಳು ಕಲಿಯುವುದು ಪಾಠವನ್ನಲ್ಲ, ಕ್ಯಾಮೆರಾ ಮೆಚ್ಚುವ ಮುಖ ಹಾಕಿಕೊಳ್ಳುವುದನ್ನು.

ಒಂದು ಮುಖದ ಕಷ್ಟ ಇದಾದರೆ ಇಡೀ ಗುಂಪಿನ ಕಷ್ಟ ಬೇರೆ. ಮನುಷ್ಯರ ಕಣ್ಣು ಹತ್ತಾರು ಮುಖಗಳನ್ನು ಒಟ್ಟಿಗೆ ನೋಡಿ ಸರಾಸರಿ ಭಾವವನ್ನು ಅಂದಾಜು ಮಾಡಬಲ್ಲದು ಎಂದು 2007ರಲ್ಲಿ ಹೇಬರ್ಮನ್ ಮತ್ತು ವಿಟ್ನಿ ತೋರಿಸಿದ್ದರು. ಒಳ್ಳೆಯ ಸಾಮರ್ಥ್ಯವೇ. ಆದರೆ 2021ರಲ್ಲಿ ಅಮಿತ್ ಗೋಲ್ಡನ್‌ಬರ್ಗ್ ಮತ್ತು ಸಂಗಡಿಗರು ಆ ಅಂದಾಜಿನಲ್ಲಿ ಒಂದು ವಾಲು ಇದೆ ಎಂದು ಕಂಡುಕೊಂಡರು. ನಾವು ಗುಂಪಿನ ಭಾವವನ್ನು ಇರುವುದಕ್ಕಿಂತ ತೀವ್ರವಾಗಿ ಕಾಣುತ್ತೇವೆ. ಗುಂಪು ದೊಡ್ಡದಾದಷ್ಟೂ ಈ ಉತ್ಪ್ರೇಕ್ಷೆ ಹೆಚ್ಚು. ಸಿಟ್ಟಿನಂಥ ಭಾವಗಳಲ್ಲಿ ಇನ್ನೂ ಹೆಚ್ಚು. ತೀವ್ರವಾದ ಮುಖಗಳು ಕಣ್ಣನ್ನು ಹಿಡಿದು ನಿಲ್ಲಿಸಿಕೊಳ್ಳುವುದು ಅದಕ್ಕೆ ಕಾರಣ.

ಈಗ ನಮ್ಮ ಪತ್ರಿಕೆಗಳ ಮುಖಪುಟ ನೆನಪಿಸಿಕೊಳ್ಳಿ. ಐದು ಸಾವಿರ ಜನ ಸೇರಿದ ಪ್ರತಿಭಟನೆಯಲ್ಲಿ ಛಾಯಾಗ್ರಾಹಕ ಆರಿಸುವುದು ಬಾಯಿ ತೆರೆದು ಕೂಗುತ್ತಿರುವ ಒಂದು ಮುಖವನ್ನು. ಅಡಿಬರಹದಲ್ಲಿ ‘ಉದ್ರಿಕ್ತ ಗುಂಪು’ ಎಂದಿರುತ್ತದೆ. ಅದೇ ಗುಂಪಿನಲ್ಲಿ ಕಡಲೆಕಾಯಿ ತಿನ್ನುತ್ತಿದ್ದವರು, ಊರಿನ ಬಸ್ಸು ತಪ್ಪೀತು ಎಂದು ಗಡಿಯಾರ ನೋಡುತ್ತಿದ್ದವರು, ಪಕ್ಕದವರ ಜೊತೆ ನಗುತ್ತಿದ್ದವರು ಚಿತ್ರದಲ್ಲಿ ಇರುವುದಿಲ್ಲ. ಮೊದಲೇ ಉತ್ಪ್ರೇಕ್ಷೆ ಮಾಡುವ ನಮ್ಮ ಕಣ್ಣಿಗೆ ಪತ್ರಿಕೆ ಇನ್ನೊಂದು ಭೂತಗನ್ನಡಿ ಕೊಡುತ್ತದೆ. ಕಥೆ ಕಾದಂಬರಿ ಬರೆಯುವವರೂ ಇದಕ್ಕೆ ಹೊರತಲ್ಲ. ‘ಜನರ ಕಣ್ಣಲ್ಲಿ ಕಿಡಿ ಹಾರುತ್ತಿತ್ತು’ ಎಂದು ಒಂದು ವಾಕ್ಯದಲ್ಲಿ ಸಾವಿರ ಜನರನ್ನು ಮುಗಿಸುವುದನ್ನು ನಾನು ಎಷ್ಟೋ ಹಸ್ತಪ್ರತಿಗಳಲ್ಲಿ ನೋಡಿದ್ದೇನೆ.

ಈ ಉತ್ಪ್ರೇಕ್ಷೆ ಎಲ್ಲರ ಮೇಲೂ ಸಮನಾಗಿ ಬೀಳುವುದಿಲ್ಲ. 2003ರಲ್ಲಿ ಹ್ಯೂಗನ್‌ಬರ್ಗ್ ಮತ್ತು ಬೋಡನ್‌ಹೌಸನ್ ನಡೆಸಿದ ಪ್ರಯೋಗದಲ್ಲಿ ಮನಸ್ಸಿನ ಆಳದಲ್ಲಿ ವರ್ಣಪೂರ್ವಗ್ರಹ ಹೆಚ್ಚಿದ್ದ ಬಿಳಿಯರಿಗೆ ಕಪ್ಪು ಜನರ ಮುಖದ ಸಿಟ್ಟು ಹೆಚ್ಚು ಹೊತ್ತು ಕಂಡಿತು. ಯಂತ್ರಕ್ಕೆ ಪೂರ್ವಗ್ರಹ ಇರುವುದಿಲ್ಲವಲ್ಲ ಎನ್ನುತ್ತೀರಾ? 2018ರಲ್ಲಿ ಲಾರೆನ್ ರೂ ಎಂಬ ಸಂಶೋಧಕಿ ಅಮೆರಿಕದ ವೃತ್ತಿಪರ ಬಾಸ್ಕೆಟ್‌ಬಾಲ್ ಆಟಗಾರರ ಚಿತ್ರಗಳನ್ನು ಭಾವ ಗುರುತಿಸುವ ಎರಡು ಸಾಫ್ಟ್‌ವೇರ್‌ಗಳಿಗೆ ಕೊಟ್ಟು ನೋಡಿದರು. ಎರಡೂ ಕಪ್ಪು ಆಟಗಾರರ ಮುಖದಲ್ಲಿ ಹೆಚ್ಚು ಋಣಾತ್ಮಕ ಭಾವಗಳನ್ನು ಕಂಡವು. ಯಂತ್ರ ಕಲಿಯುವುದು ಮನುಷ್ಯರು ಚೀಟಿ ಅಂಟಿಸಿದ ಚಿತ್ರಗಳಿಂದ. ಚೀಟಿ ಬರೆದವರ ಕಣ್ಣೇ ಅದರ ಕಣ್ಣು. ನಮ್ಮ ದೇಶದಲ್ಲಿ ಅಂಥ ಚೀಟಿ ಬರೆಯುವವರು ಯಾರ ಗಡ್ಡಕ್ಕೆ, ಯಾರ ಬಣ್ಣಕ್ಕೆ, ಯಾರ ಉಡುಪಿಗೆ ‘ಅನುಮಾನಾಸ್ಪದ’ ಎಂದು ಬರೆದಾರು ಎಂಬುದನ್ನು ಊಹಿಸಲು ಹೆಚ್ಚು ಶ್ರಮ ಬೇಕಿಲ್ಲ.

ಇಷ್ಟೆಲ್ಲ ಗೊತ್ತಿದ್ದೂ ಸರ್ಕಾರಗಳು ಹಣ ಸುರಿದಿವೆ. ಅಮೆರಿಕದ ವಿಮಾನ ನಿಲ್ದಾಣಗಳಲ್ಲಿ 2007ರಿಂದ ಒಂದು ಕಾರ್ಯಕ್ರಮ ನಡೆಯಿತು. ತರಬೇತಿ ಪಡೆದ ಸಿಬ್ಬಂದಿ ಪ್ರಯಾಣಿಕರ ವರ್ತನೆ ಮತ್ತು ಚಹರೆ ನೋಡಿ ಅಪಾಯಕಾರಿಗಳನ್ನು ಹುಡುಕಬೇಕಿತ್ತು. 2013ರ ನವೆಂಬರಿನಲ್ಲಿ ಆ ದೇಶದ ಸರ್ಕಾರಿ ಲೆಕ್ಕಪರಿಶೋಧನಾ ಸಂಸ್ಥೆ ಇದಕ್ಕೆ ಅಷ್ಟರಲ್ಲಿ ಸುಮಾರು 90 ಕೋಟಿ ಡಾಲರ್ ಖರ್ಚಾಗಿದೆ ಎಂದಿತು. ವರ್ತನೆಯ ಸುಳಿವು ನೋಡಿ ಮೋಸಗಾರರನ್ನು ಗುರುತಿಸುವ ಮನುಷ್ಯರ ಶಕ್ತಿ ನಾಣ್ಯ ಚಿಮ್ಮಿ ಹೇಳುವುದಕ್ಕೆ ಸಮ ಅಥವಾ ತುಸು ಮೇಲು ಎಂದೂ ಹೇಳಿತು.

ನಮ್ಮಲ್ಲಿಯೂ ಇದರ ಗಾಳಿ ಬೀಸಿದೆ. 2021ರ ಜನವರಿಯಲ್ಲಿ ಲಖನೌ ಪೊಲೀಸರು ಹೆಣ್ಣುಮಕ್ಕಳಿಗೆ ಕಿರುಕುಳ ಹೆಚ್ಚಾಗಿರುವ ಸುಮಾರು 200 ಜಾಗಗಳನ್ನು ಗುರುತಿಸಿ, ಮುಖಭಾವ ಓದುವ ಕ್ಯಾಮೆರಾ ಹಾಕುವ ಯೋಜನೆ ಪ್ರಕಟಿಸಿದರು. ಸಂಕಟಕ್ಕೆ ಸಿಲುಕಿದ ಹೆಣ್ಣಿನ ಮುಖಭಾವ ಬದಲಾದ ಕೂಡಲೇ ಹತ್ತಿರದ ಪೊಲೀಸರಿಗೆ ಸೂಚನೆ ಹೋಗಬೇಕು ಎಂಬುದು ಆಲೋಚನೆ. ಉದ್ದೇಶ ಒಳ್ಳೆಯದು ಎಂದೇ ಇಟ್ಟುಕೊಳ್ಳೋಣ. ಆದರೆ ನಮ್ಮ ರಸ್ತೆಗಳಲ್ಲಿ ನಡೆದಾಡುವ ಯಾವ ಹೆಣ್ಣುಮಗಳನ್ನಾದರೂ ಕೇಳಿ ನೋಡಿ. ಕಿರುಕುಳ ಕೊಡುವವನ ಎದುರು ಭಯ ತೋರಿಸಬಾರದು, ಮುಖ ಕಲ್ಲು ಮಾಡಿಕೊಂಡು ಸರಸರ ನಡೆದುಬಿಡಬೇಕು ಎಂದು ಆಕೆ ಚಿಕ್ಕಂದಿನಲ್ಲೇ ಕಲಿತಿರುತ್ತಾಳೆ. ಆ ಕಲ್ಲುಮುಖದಲ್ಲಿ ಕ್ಯಾಮೆರಾ ಏನು ಓದೀತು? ಪರೀಕ್ಷೆಯ ಫಲಿತಾಂಶ ನೆನೆದು ಅಳುತ್ತ ಹೋಗುವ ಹುಡುಗಿಯ ಹಿಂದೆ ಮಾತ್ರ ಪೊಲೀಸ್ ಜೀಪು ಬಂದೀತು.

ಯಂತ್ರ ಈಗ ತಪ್ಪಬಹುದು, ಮುಂದೆ ಸುಧಾರಿಸುತ್ತದೆ ಎಂಬ ಉತ್ತರ ಸಿದ್ಧವಾಗಿರುತ್ತದೆ. ಹಾಗಾದರೆ ಒಂದು ಲೆಕ್ಕ ಹಾಕೋಣ. ದಿನಕ್ಕೆ ಒಂದು ಲಕ್ಷ ಜನ ಓಡಾಡುವ ರೈಲು ನಿಲ್ದಾಣ ಎಂದುಕೊಳ್ಳಿ. ಅವರಲ್ಲಿ ನಿಜಕ್ಕೂ ಕೆಟ್ಟ ಉದ್ದೇಶ ಇರುವವರು ಹತ್ತು ಜನ. ಯಂತ್ರ ನೂರಕ್ಕೆ 99 ಸಲ ಸರಿ ಹೇಳುವಷ್ಟು ಚುರುಕು ಎಂದೂ ಒಪ್ಪೋಣ. ಅದು ಆ ಹತ್ತೂ ಜನರನ್ನು ಹಿಡಿದೀತು. ಜೊತೆಗೆ ಉಳಿದ 99,990 ಜನರಲ್ಲಿ ನೂರಕ್ಕೆ ಒಬ್ಬರಂತೆ ಸುಮಾರು ಸಾವಿರ ಅಮಾಯಕರನ್ನೂ ಹಿಡಿಯುತ್ತದೆ. ಅಂದರೆ ಯಂತ್ರ ಬೆರಳು ತೋರಿಸಿದ ನೂರು ಜನರಲ್ಲಿ 99 ಜನ ಏನೂ ಮಾಡದವರು. ಅಷ್ಟು ಚುರುಕಾದ ಭಾವಯಂತ್ರ ಜಗತ್ತಿನಲ್ಲಿ ಎಲ್ಲೂ ಇಲ್ಲ. ಇದ್ದರೂ ಗತಿ ಇದೇ. ಈ ಸಾವಿರ ಜನರನ್ನು ಪಕ್ಕಕ್ಕೆ ಕರೆದು, ಚೀಲ ಬಿಚ್ಚಿಸಿ, ಪ್ರಶ್ನೆ ಕೇಳಿ, ರೈಲು ತಪ್ಪಿಸಿ ಕಳಿಸುವ ಅವಮಾನಕ್ಕೆ ಯಾರು ಲೆಕ್ಕ ಇಡುತ್ತಾರೆ?

ಕಾವಲಿಗೆ ಕುಳಿತ ಮನುಷ್ಯರ ಮೇಲೂ ಇದರ ಹೊರೆ ಬೀಳುತ್ತದೆ. 2005ರಲ್ಲಿ ಜೆರೆಮಿ ವುಲ್ಫ್ ಮತ್ತು ಸಂಗಡಿಗರು ‘ನೇಚರ್’ ಪತ್ರಿಕೆಯಲ್ಲಿ ತೋರಿಸಿದಂತೆ, ಹುಡುಕುವ ವಸ್ತು ಅರ್ಧದಷ್ಟು ಸಲ ಇದ್ದಾಗ ಜನ ತಪ್ಪಿಸಿಕೊಂಡದ್ದು ನೂರಕ್ಕೆ 7 ಸಲ. ಅದು ನೂರಕ್ಕೆ ಒಂದೇ ಸಲ ಇದ್ದಾಗ ನೂರಕ್ಕೆ 30 ಸಲ ತಪ್ಪಿಸಿಕೊಂಡರು. ಅಪರೂಪದ್ದನ್ನು ಹುಡುಕುವಾಗ ಕಣ್ಣು ಬೇಗ ಕೈ ಚೆಲ್ಲುತ್ತದೆ. ಸಾವಿರ ಸುಳ್ಳು ಸೂಚನೆ ಕೇಳಿ ದಣಿದ ಕಾನ್‌ಸ್ಟೇಬಲ್, ನಿಜವಾದ ಹತ್ತನ್ನೂ ಸುಳ್ಳೆಂದೇ ಎಣಿಸಿದರೆ ತಪ್ಪು ಅವನದಲ್ಲ.

ಹಾಗಾದರೆ ಜಾತ್ರೆಯ ಗುಂಪಿನಲ್ಲಿ ತಾಯಿ ತನ್ನ ಮಗುವಿನ ಅಳುಮುಖವನ್ನು ಹಿಡಿಯುವುದಿಲ್ಲವೇ ಎಂದು ನೀವು ಕೇಳಬಹುದು. ಖಂಡಿತ ಹಿಡಿಯುತ್ತಾಳೆ. ಅವಳಿಗೆ ಆ ಮುಖ ಗೊತ್ತು. ಅಂಗಿಯ ಬಣ್ಣ ಗೊತ್ತು. ಮಗು ಕೈ ಬಿಟ್ಟದ್ದು ಯಾವ ಅಂಗಡಿಯ ಮುಂದೆ ಎಂದು ಗೊತ್ತು. ಅದು ಅಳುವ ಮುಂಚೆ ತುಟಿ ಹೇಗೆ ಸೊಟ್ಟ ಮಾಡುತ್ತದೆ ಎಂದೂ ಗೊತ್ತು. ಅವಳ ನೋಟದ ಹಿಂದೆ ವರ್ಷಗಳ ಒಡನಾಟ ಇದೆ. ಈ ಒಡನಾಟವೇ ಇಲ್ಲದೆ, ಹೆಸರೂ ಗೊತ್ತಿಲ್ಲದ ಲಕ್ಷ ಜನರ ಒಳಮನಸ್ಸನ್ನು ಓದುತ್ತೇನೆ ಎನ್ನುವ ಯಂತ್ರಕ್ಕೆ ಆ ತಾಯಿಯ ಸಾಕ್ಷಿ ಹೇಳಿಸುವುದು ನ್ಯಾಯವಲ್ಲ.

ವಿಷಯ ಬಿಗಡಾಯಿಸಿರುವುದು ಕೆಲವರಿಗೆ ಅರಿವಾಗಿದೆ. 2022ರ ಜೂನಿನಲ್ಲಿ ಮೈಕ್ರೋಸಾಫ್ಟ್ ತನ್ನ ಮುಖ ವಿಶ್ಲೇಷಣೆಯ ಸೇವೆಯಿಂದ ಭಾವ ಗುರುತಿಸುವ ಸೌಲಭ್ಯವನ್ನು ಹಿಂತೆಗೆಯುವುದಾಗಿ ಹೇಳಿತು. ಐರೋಪ್ಯ ಒಕ್ಕೂಟ 2024ರಲ್ಲಿ ತಂದ ಕೃತಕ ಬುದ್ಧಿಮತ್ತೆಯ ಕಾನೂನು, ವೈದ್ಯಕೀಯ ಮತ್ತು ಸುರಕ್ಷತೆಯ ಕಾರಣಗಳನ್ನು ಬಿಟ್ಟು, ಕೆಲಸದ ಜಾಗ ಮತ್ತು ಶಿಕ್ಷಣ ಸಂಸ್ಥೆಗಳಲ್ಲಿ ಜನರ ಭಾವ ಊಹಿಸುವ ಯಂತ್ರಗಳನ್ನು ನಿಷೇಧಿಸಿದೆ. ಆ ನಿಷೇಧ 2025ರ ಫೆಬ್ರವರಿ 2ರಿಂದ ಜಾರಿಯಲ್ಲಿದೆ. ಒಂದು ತೊಡಕು ಮಾತ್ರ ಅಲ್ಲಿಯೂ ಉಳಿದಿದೆ. ಆಫೀಸು ಮತ್ತು ಶಾಲೆಗೆ ಬೇಡವಾದ ಯಂತ್ರವನ್ನು ಅದು ಪೊಲೀಸರ ಕೈಯಿಂದ ಹಾಗೆಯೇ ಕಿತ್ತುಕೊಂಡಿಲ್ಲ. ತರಗತಿಯಲ್ಲಿ ಸುಳ್ಳು ಹೇಳುವ ಯಂತ್ರ ಠಾಣೆಯಲ್ಲಿ ಸತ್ಯ ಹೇಳುತ್ತದೆಯೇ?

ನಮ್ಮ ನಾಡಿನ ವಿದ್ಯಾರ್ಥಿಗಳಿಗೆ ನಾನು ಹೇಳುವುದು ಇಷ್ಟು. ನಿಮ್ಮ ಕಾಲೇಜಿಗೆ ‘ಗಮನ ಅಳೆಯುವ’ ಕ್ಯಾಮೆರಾ ಬಂದರೆ, ಆನ್‌ಲೈನ್ ಪರೀಕ್ಷೆಯ ಸಾಫ್ಟ್‌ವೇರ್ ನಿಮ್ಮ ಮುಖದಲ್ಲಿ ಕಳ್ಳತನ ಹುಡುಕಿದರೆ, ಸಂದರ್ಶನದ ಯಂತ್ರ ನಿಮ್ಮ ನಗುವಿಗೆ ಅಂಕ ಕೊಟ್ಟರೆ ಸುಮ್ಮನೆ ತಲೆ ಬಾಗಿಸಬೇಡಿ. ಮೂರು ಪ್ರಶ್ನೆ ಕೇಳಿ. ಇದು ಯಾರ ಮುಖಗಳಿಂದ ಕಲಿತದ್ದು? ನೂರು ಸಲದಲ್ಲಿ ಎಷ್ಟು ಅಮಾಯಕರನ್ನು ಹಿಡಿಯುತ್ತದೆ? ಹಿಡಿದ ಮೇಲೆ ನನ್ನ ಮಾತು ಕೇಳುವವರು ಯಾರು? ಬರವಣಿಗೆಯಲ್ಲಿ ಉತ್ತರ ಕೊಡಲು ಹೇಳಿ. ಉತ್ತರ ಬರದಿದ್ದರೆ ಆ ಕ್ಯಾಮೆರಾದ ಎದುರು ಕೂರುವುದಿಲ್ಲ ಎನ್ನುವ ಹಕ್ಕು ನಿಮಗಿರಬೇಕು. ಅದಕ್ಕಾಗಿ ಒಟ್ಟಾಗಿ ದನಿ ಎತ್ತಬೇಕು.

ಬರೆಯುವವರಿಗೂ ಒಂದು ಮಾತು. ಮುಂದಿನ ಸಲ ನಿಮ್ಮ ಕಥೆಯಲ್ಲಿ ಗುಂಪೊಂದು ಬಂದಾಗ ಅದರ ಮುಖಕ್ಕೆ ಒಂದೇ ಭಾವ ಹಚ್ಚುವ ಮುಂಚೆ ಪೆನ್ನು ಕೆಳಗಿಟ್ಟು, ಕಡಲೆಕಾಯಿ ತಿನ್ನುತ್ತಿರುವವನು ಎಲ್ಲಿದ್ದಾನೆ ಎಂದು ಹುಡುಕಿ. ಅವನು ಅಲ್ಲಿಗೆ ಯಾಕೆ ಬಂದ ಎಂದು ಅವನನ್ನೇ ಕೇಳಿ.